ಛಾಯೆಯಲ್ಲಿ ಅರಸಿದ ಅಂತರಂಗ

ಪ್ರವೇಶ: ಕಂಡದ್ದನ್ನು ಕಂಡಂತೆ ಹಿಡಿದಿಡುವ ಸಾಧನವೇ ಛಾಯಾಚಿತ್ರ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಹೀಗೆ ಹಿಡಿದಿಟ್ಟ ಚಿತ್ರಗಳನ್ನೇ ಬಿಡಿಸಿ, ಬೆರೆಸಿ, ಹೊಸದಾಗಿ ಹೊಂದಿಸಿ, ಆ ಮೂಲಕ ಸ್ತ್ರೀಯ ವ್ಯಕ್ತಿತ್ವವನ್ನೂ ಅವಳ ಅಂತರಂಗವನ್ನೂ ಅರಸಿದ ಕಲಾವಿದರುಂಟು. ಅಂಥ ಕಲೆಯ ಹಿನ್ನೆಲೆ, ವಿಧಾನ ಮತ್ತು ಹೊಣೆಗಳನ್ನು ಪ್ರಸ್ತುತ ಪ್ರಬಂಧವು ವಿವರಿಸುತ್ತದೆ.

*

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬುದು ನಮ್ಮ ಜನರ ಹಳೆಯ ಮಾತು. ಅಂಗೈ ಕಣ್ಣೆದುರಿಗೇ ಇರುವುದರಿಂದ ಅದಕ್ಕೆ ಕನ್ನಡಿ ಬೇಡ, ನಿಜ. ಆದರೆ ಮುಖದ ಮಾತು ಬೇರೆ. ಲೋಕದ ಎಲ್ಲ ಮುಖಗಳನ್ನೂ ನೇರವಾಗಿ ನೋಡಬಲ್ಲ ಮನುಷ್ಯನು ತನ್ನ ಮುಖವೊಂದನ್ನು ಮಾತ್ರ ನೇರವಾಗಿ ನೋಡಲಾರ. ಅದಕ್ಕಾಗಿ ಅವನು ಮೊದಲು ತಿಳಿನೀರಿಗೆ ಬಾಗಿದನು. ಬಳಿಕ ಕಂಚನ್ನು ಉಜ್ಜಿ ಹೊಳಪು ಕೊಟ್ಟನು. ಆಮೇಲೆ ಗಾಜಿಗೆ ಲೇಪ ಹಚ್ಚಿದನು. 1839ರಲ್ಲಿ ಫ್ರಾನ್ಸಿನ ದಾಗೇರನ ವಿಧಾನವು ಲೋಕಕ್ಕೆ ಪ್ರಕಟವಾದಾಗ, ಕನ್ನಡಿಯಲ್ಲಿ ಕ್ಷಣಮಾತ್ರ ನಿಂತು ಹೋಗುತ್ತಿದ್ದ ಮುಖವನ್ನು ಅಳಿಯದಂತೆ ನಿಲ್ಲಿಸುವ ಶಕ್ತಿಯೂ ಅವನಿಗೆ ದೊರೆಯಿತು.

ಕನ್ನಡಿಗೂ ಛಾಯಾಚಿತ್ರಕ್ಕೂ ಮುಖ್ಯವಾದ ಒಂದು ಅಂತರವಿದೆ. ಕನ್ನಡಿಯ ಮುಂದೆ ನಿಂತವಳು ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ಬೇಕೆನಿಸಿದಾಗ ನಿಲ್ಲುತ್ತಾಳೆ, ಸಾಕೆನಿಸಿದಾಗ ಸರಿಯುತ್ತಾಳೆ. ಛಾಯಾಚಿತ್ರದಲ್ಲಿ ಹಾಗಲ್ಲ. ಅಲ್ಲಿ ಚಿತ್ರಕ್ಕೆ ನಿಂತವರು ಒಬ್ಬರು, ಚಿತ್ರ ತೆಗೆಯುವವರು ಇನ್ನೊಬ್ಬರು, ಮುಂದೆ ಎಂದೋ ಅದನ್ನು ನೋಡುವವರು ಮತ್ತೊಬ್ಬರು. ಹೇಗೆ ನಿಲ್ಲಬೇಕು, ಎತ್ತ ನೋಡಬೇಕು, ನಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವನು ಬಹುಮಟ್ಟಿಗೆ ಯಂತ್ರದ ಹಿಂದೆ ನಿಂತವನೇ. ಆದುದರಿಂದ ಛಾಯಾಚಿತ್ರವು ಮುಖವನ್ನು ತೋರಿಸುವುದರ ಜೊತೆಗೆ, ಆ ಮುಖವನ್ನು ನೋಡಿದ ಕಣ್ಣನ್ನೂ ತೋರಿಸುತ್ತದೆ.

ಸ್ತ್ರೀಯರ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಬಹುಕಾಲದವರೆಗೆ ಕ್ಯಾಮೆರಾ ಹೆಚ್ಚಾಗಿ ಪುರುಷರ ಕೈಯಲ್ಲಿಯೇ ಇತ್ತು. ನಮ್ಮ ದೇಶದಲ್ಲಂತೂ ಅನೇಕ ಮನೆತನಗಳ ಸ್ತ್ರೀಯರು ಪರಪುರುಷನ ಮುಂದೆ ಚಿತ್ರಕ್ಕೆ ಕೂರುವುದೇ ಅಸಾಧ್ಯವಾಗಿತ್ತು. ಈ ಕಾರಣದಿಂದಲೇ ಪ್ರಸಿದ್ಧ ಛಾಯಾಗ್ರಾಹಕ ಲಾಲಾ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗೆಂದೇ ಪ್ರತ್ಯೇಕ ಸ್ಟುಡಿಯೊ ತೆರೆದು, ಅದರ ಹೊಣೆಯನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಚಿತ್ರ ತೆಗೆಸಿಕೊಳ್ಳುವವಳಿಗೆ ತನ್ನನ್ನು ನೋಡುವ ಕಣ್ಣು ಯಾರದು ಎಂಬುದು ಅಂದೂ ಸಣ್ಣ ಪ್ರಶ್ನೆಯಾಗಿರಲಿಲ್ಲ, ಇಂದೂ ಅಲ್ಲ.

ಕ್ಯಾಮೆರಾ ಸುಳ್ಳು ಹೇಳದು ಎಂಬ ನಂಬಿಕೆ ಬಲವಾಗಿದ್ದರೂ, ಛಾಯಾಚಿತ್ರವನ್ನು ತಿದ್ದುವ ಕಲೆ ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿದ್ದ ರೈಲಾಂಡರ್ ಎಂಬ ಛಾಯಾಗ್ರಾಹಕನು 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರವನ್ನು ಮುದ್ರಿಸಿದನು. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಎಂಬಾತನು ಐದು ನೆಗೆಟಿವ್‌ಗಳಿಂದ, ಮನೆಯವರ ನಡುವೆ ಸಾವಿನಂಚಿನಲ್ಲಿ ಒರಗಿರುವ ಒಬ್ಬ ಹುಡುಗಿಯ ಚಿತ್ರವನ್ನು ರಚಿಸಿದನು. ಇಂಥ ದುಃಖದ ಗಳಿಗೆಯನ್ನೂ ಕ್ಯಾಮೆರಾ ಇಣುಕಿ ನೋಡಬಹುದೆ ಎಂದು ಹಲವರು ಅಸಮಾಧಾನಗೊಂಡರು. ಅಲ್ಲಿ ಸಾವೂ ಇರಲಿಲ್ಲ, ರೋಗಿಯೂ ಇರಲಿಲ್ಲ. ಇದ್ದುದು ಅಭಿನಯ ಮತ್ತು ಜೋಡಣೆ ಮಾತ್ರ. ಆದರೂ ಚಿತ್ರ ನೋಡಿದವರ ಮನಸ್ಸು ನಿಜವಾಗಿಯೇ ಕಲಕಿತು. ಕಲ್ಪಿತವಾದುದೂ ಭಾವಸತ್ಯವನ್ನು ಹೇಳಬಲ್ಲದು ಎಂಬುದು ಕಾವ್ಯ ಓದುವ ನಮಗೆ ಹೊಸತಲ್ಲ. ಛಾಯಾಚಿತ್ರಕ್ಕೆ ಅದು ಹೊಸತಾಗಿತ್ತು.

ಮೊದಲ ಮಹಾಯುದ್ಧದ ಅನಂತರ ಜರ್ಮನಿಯಲ್ಲಿ ಹಾನ್ನಾ ಹೋಹ್ ಎಂಬ ಕಲಾವಿದೆ ಕತ್ತರಿಯನ್ನು ಕೈಗೆತ್ತಿಕೊಂಡಳು. ಪತ್ರಿಕೆಗಳಲ್ಲಿ ಅಚ್ಚಾದ ಚಿತ್ರಗಳಿಂದ ತಲೆ, ಕೈ, ಯಂತ್ರದ ಚಕ್ರ, ನರ್ತಕಿಯ ದೇಹ ಮೊದಲಾದವುಗಳನ್ನು ಕತ್ತರಿಸಿ, ವಿಚಿತ್ರವಾಗಿ ಬೆಸೆದು ಅಂಟಿಸಿದಳು. 1920ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾದ ಅವಳ ಪ್ರಸಿದ್ಧ ಕೃತಿಯ ಉದ್ದನೆಯ ಹೆಸರು ಅಡುಗೆಮನೆಯ ಚಾಕುವಿನ ಉಲ್ಲೇಖದಿಂದ ಆರಂಭವಾಗುತ್ತದೆ. ಆ ಕೃತಿಯ ಕೆಳಮೂಲೆಯಲ್ಲಿ, ಸ್ತ್ರೀಯರಿಗೆ ಮತಾಧಿಕಾರ ದೊರೆತ ಯೂರೋಪಿನ ದೇಶಗಳನ್ನು ತೋರಿಸುವ ಒಂದು ಚಿಕ್ಕ ಭೂಪಟವಿದೆ. ಜರ್ಮನಿಯ ಸ್ತ್ರೀಯರು ರಾಷ್ಟ್ರೀಯ ಚುನಾವಣೆಯಲ್ಲಿ ಮೊದಲು ಮತ ನೀಡಿದ್ದು 1919ರಲ್ಲಿ. ಹೆಣ್ಣಿನ ಕೈಗೆ ಸಮಾಜವು ಕೊಟ್ಟಿದ್ದ ಚಾಕುವಿನಿಂದಲೇ ಅವಳು ಆ ಸಮಾಜದ ಚಿತ್ರವನ್ನು ಕೊಯ್ದು ಹೊಸದಾಗಿ ಹೊಂದಿಸಿದಳೆನ್ನಬಹುದು. ಪತ್ರಿಕೆಗಳು ಹೆಣ್ಣನ್ನು ಹೇಗೆ ತೋರಿಸುತ್ತವೆಯೋ ಹಾಗೆಯೇ ಅವಳು ಇರಬೇಕೆ ಎಂಬುದು ಆ ಕತ್ತರಿಯ ಪ್ರಶ್ನೆಯಾಗಿತ್ತು.

ಕತ್ತರಿ ಮತ್ತು ಅಂಟಿನ ಕೆಲಸವನ್ನು ಮುಂದೆ ಗಣಕಯಂತ್ರವು ವಹಿಸಿಕೊಂಡಿತು. ಅದರ ಬಗೆಯನ್ನು ತಿಳಿಯಲು ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯನ್ನು ನೆನೆದರೆ ಸಾಕು. ಸಾಲುಸಾಲಾಗಿ ಚುಕ್ಕಿಗಳನ್ನಿಟ್ಟು ಅವುಗಳ ಆಧಾರದಿಂದ ಹೂವನ್ನೋ ನವಿಲನ್ನೋ ಮೂಡಿಸುವಂತೆ, ಗಣಕಯಂತ್ರವೂ ಚಿತ್ರವನ್ನು ಅಡ್ಡಸಾಲು ಉದ್ದಸಾಲುಗಳ ಚುಕ್ಕಿಗಳಾಗಿ ಒಡೆಯುತ್ತದೆ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಮೆರಿಕದ ವಿಜ್ಞಾನಿ ರಸೆಲ್ ಕಿರ್ಷ್ ಎಂಬವರು 1957ರಲ್ಲಿ ತಮ್ಮ ಮೂರು ತಿಂಗಳ ಮಗುವಿನ ಛಾಯಾಚಿತ್ರವನ್ನು ಮೊದಲ ಬಾರಿಗೆ ಹೀಗೆ ಯಂತ್ರಕ್ಕೆ ಓದಿಸಿದರು. ಅದರಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಚುಕ್ಕಿಗಳಿದ್ದವು. ಕಪ್ಪುಬಿಳುಪು ಚಿತ್ರದಲ್ಲಿ ಒಂದೊಂದು ಚುಕ್ಕಿಗೂ ಒಂದೊಂದು ಅಂಕೆ ಇರುತ್ತದೆ. ಸಾಮಾನ್ಯವಾಗಿ 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳುಪು, ನಡುವಣ ಅಂಕೆಗಳು ಬೂದುಬಣ್ಣದ ನಾನಾ ಛಾಯೆಗಳು. ಮುಖವು ಅಂಕೆಗಳಾದ ಮೇಲೆ, ಅಂಕೆ ಬದಲಿಸಿದರೆ ಮುಖವೂ ಬದಲಾಗುತ್ತದೆ.

1990ರಲ್ಲಿ ಹೊರಬಂದ ಫೋಟೋಶಾಪ್ ಎಂಬ ಸಾಧನವು ಈ ಶಕ್ತಿಯನ್ನು ಸಾಮಾನ್ಯ ಜನರ ಮೇಜಿಗೆ ತಂದಿತು. ಅದನ್ನು ರಚಿಸಿದ ನಾಲ್ ಸೋದರರಲ್ಲಿ ಒಬ್ಬರಾದ ಜಾನ್ ನಾಲ್, ಅದರ ಚಮತ್ಕಾರವನ್ನು ತೋರಿಸಲು ತಾವು ತೆಗೆದಿದ್ದ ಒಂದು ಛಾಯಾಚಿತ್ರವನ್ನು ಬಳಸುತ್ತಿದ್ದರು. ಮುಂದೆ ಅವರ ಪತ್ನಿಯಾದ ಜೆನ್ನಿಫರ್ ಸಮುದ್ರತೀರದಲ್ಲಿ ನಮಗೆ ಬೆನ್ನು ಮಾಡಿ ಕುಳಿತಿರುವ ಚಿತ್ರವದು. ಹೊಸ ಯುಗದ ಈ ಸಾಧನವು ಮೊದಮೊದಲು ತಿದ್ದಲು ಕಲಿತದ್ದು ಒಬ್ಬ ಹೆಣ್ಣಿನ ಚಿತ್ರವನ್ನೇ. ಅವಳ ಮುಖ ಮಾತ್ರ ಅದಕ್ಕೆ ಕಾಣಿಸಲಿಲ್ಲ. ಕಾಲಕ್ರಮದಲ್ಲಿ ಈ ಸಾಧನಕ್ಕೆ ‘ಪದರ’ಗಳ ವ್ಯವಸ್ಥೆಯೂ ಸೇರಿತು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಬೇರೆಬೇರೆ ಚಿತ್ರಗಳನ್ನು ಪದರಪದರವಾಗಿ ಇಡಬಹುದು. ಮೇಲಿನ ಪದರವನ್ನು ತೆಳುಗೊಳಿಸಿ ಕೆಳಗಿನದನ್ನು ಇಣುಕುವಂತೆ ಮಾಡಬಹುದು. ಮನುಷ್ಯನ ಮನಸ್ಸೂ ಪದರಪದರವಾದುದೇ ಅಲ್ಲವೆ? ಬಾಲ್ಯದ ಮೇಲೆ ಯೌವನ, ಸಂತೋಷದ ಕೆಳಗೆ ಅಳುಕು, ಆಡಿದ ಮಾತಿನ ಹಿಂದೆ ಆಡದ ಮಾತು. ಆದುದರಿಂದಲೇ ಅಂತರಂಗವನ್ನು ಅರಸುವ ಕಲಾವಿದರಿಗೆ ಈ ವಿಧಾನವು ಪ್ರಿಯವಾಯಿತು.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ನಮ್ಮ ದೇಶದ ಕಲಾವಿದ ವಿವಾನ್ ಸುಂದರಂ ಅವರು 2001–02ರಲ್ಲಿ ರಚಿಸಿದ ‘ರೀ-ಟೇಕ್ ಆಫ್ ಅಮೃತಾ’ ಎಂಬ ಚಿತ್ರಮಾಲೆ. ಇದನ್ನು ಅರಿಯಬೇಕಾದರೆ ಮೊದಲು ಒಂದು ಕುಟುಂಬದ ಪರಿಚಯವಾಗಬೇಕು.

ಪಂಜಾಬಿನ ಮಜೀಠಿಯಾ ಮನೆತನದ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಸಂಸ್ಕೃತ ಮತ್ತು ಪಾರಸಿ ಭಾಷೆಗಳಲ್ಲಿ ವಿದ್ವಾಂಸರು. ಛಾಯಾಗ್ರಹಣವು ಅವರ ವೃತ್ತಿಯಲ್ಲ, ಒಲವು. ಹಂಗೇರಿಯ ಗಾಯಕಿ ಮರಿ ಆಂತ್ವಾನೆತ್ ಅವರನ್ನು ಅವರು 1912ರಲ್ಲಿ ವಿವಾಹವಾದರು. ಹಿರಿಯ ಮಗಳು ಅಮೃತಾ 1913ರ ಜನವರಿ 30ರಂದು ಬುಡಾಪೆಸ್ಟಿನಲ್ಲಿ ಜನಿಸಿದಳು. ಮರುವರ್ಷ ಇಂದಿರಾ ಹುಟ್ಟಿದಳು. ಯುದ್ಧ ಮುಗಿದ ಬಳಿಕ, 1921ರಲ್ಲಿ, ಕುಟುಂಬವು ಸಿಮ್ಲಾದಲ್ಲಿ ಬಂದು ನೆಲೆಸಿತು. ಉಮ್ರಾವ್ ಸಿಂಗರು ದಶಕಗಳ ಕಾಲ ತಮ್ಮ ಚಿತ್ರಗಳನ್ನು ತಾವೇ ತೆಗೆದುಕೊಂಡರು. ಕನ್ನಡಿಯ ಮುಂದಿನ ಪತ್ನಿಯನ್ನೂ, ನಾನಾ ವೇಷ ತೊಟ್ಟ ಮಕ್ಕಳನ್ನೂ, ಬೆಳೆದು ದೊಡ್ಡವಳಾದ ಅಮೃತಾಳನ್ನೂ ಚಿತ್ರಿಸಿದರು. ಅಮೃತಾಳ ಬದುಕು ಹೀಗೆ ಹುಟ್ಟಿನಿಂದಲೇ ತಂದೆಯ ಮಸೂರದ ಎದುರಿಗೆ ಸಾಗಿತು.

ಆದರೆ ಅಮೃತಾ ಬರಿದೆ ನೋಡಿಸಿಕೊಳ್ಳುವವಳಾಗಿ ಉಳಿಯಲಿಲ್ಲ, ನೋಡುವವಳೂ ಆದಳು. 1929ರಲ್ಲಿ ಪ್ಯಾರಿಸಿಗೆ ಹೋಗಿ ಚಿತ್ರಕಲೆಯನ್ನು ಅಭ್ಯಸಿಸಿ, ತನ್ನ ಮುಖವನ್ನೇ ಮತ್ತೆಮತ್ತೆ ಬರೆದಳು. ಅವಳು 1932ರಲ್ಲಿ ರಚಿಸಿದ ‘ತರುಣಿಯರು’ ಎಂಬ ವರ್ಣಚಿತ್ರವು ಅಲ್ಲಿನ ಪ್ರತಿಷ್ಠಿತ ಪ್ರದರ್ಶನದಲ್ಲಿ ಮನ್ನಣೆ ಪಡೆಯಿತು. ಅದರಲ್ಲಿ ಇಬ್ಬರು ಯುವತಿಯರು ಎದುರುಬದುರಾಗಿ ಕುಳಿತಿದ್ದಾರೆ. ಒಬ್ಬಳು, ತಂಗಿ ಇಂದಿರಾ, ಒಪ್ಪವಾಗಿ ಉಡುಪು ತೊಟ್ಟು ಆತ್ಮವಿಶ್ವಾಸದಿಂದ ಇದ್ದಾಳೆ. ಇನ್ನೊಬ್ಬಳ ಬಿಚ್ಚುಗೂದಲು ಮುಖವನ್ನು ಅರ್ಧ ಮರೆಮಾಡಿದೆ. ಇವರಿಬ್ಬರೂ ಚಿತ್ರ ಬರೆದವಳ ಒಳಗಿನ ಎರಡು ಮುಖಗಳೆಂದು ಕಂಡವರುಂಟು. 1934ರ ಕೊನೆಯಲ್ಲಿ ಭಾರತಕ್ಕೆ ಮರಳಿದ ಮೇಲೆ ಅವಳು ಯೂರೋಪಿನ ಉಡುಪನ್ನು ಬಿಟ್ಟು ಸೀರೆ ಉಟ್ಟಳು. ಮರುವರ್ಷ ಬರೆದ ‘ಮೂವರು ಹುಡುಗಿಯರು’ ಚಿತ್ರದಲ್ಲಿ, ತಮ್ಮ ಪಾಲಿಗೆ ಬರಲಿರುವುದನ್ನು ಮೌನವಾಗಿ ಕಾಯುತ್ತಿರುವಂತೆ ಕುಳಿತ ಹೆಣ್ಣುಮಕ್ಕಳಿದ್ದಾರೆ. ಅಜಂತಾ, ಎಲ್ಲೋರಾ ಹಾಗೂ ದಕ್ಷಿಣದ ಪ್ರವಾಸವು ಅವಳ ಕುಂಚಕ್ಕೆ ಹೊಸ ಬಲ ಕೊಟ್ಟಿತು. 1941ರ ಡಿಸೆಂಬರ್ 5ರಂದು, ಲಾಹೋರಿನಲ್ಲಿ ಅವಳ ದೊಡ್ಡ ಪ್ರದರ್ಶನವೊಂದು ಆರಂಭವಾಗಲು ಕೆಲವೇ ದಿನಗಳಿರುವಾಗ, ಅಲ್ಪಕಾಲದ ಕಾಯಿಲೆಯಿಂದ ಅವಳು ತೀರಿಕೊಂಡಳು. ಆಗ ಅವಳ ವಯಸ್ಸು ಇಪ್ಪತ್ತೆಂಟು.

ಇಂದಿರಾಳ ಮಗನೇ ವಿವಾನ್ ಸುಂದರಂ. ಅವರು ಹುಟ್ಟಿದ್ದು 1943ರಲ್ಲಿ, ದೊಡ್ಡಮ್ಮ ತೀರಿಕೊಂಡ ಸುಮಾರು ಒಂದೂವರೆ ವರ್ಷದ ಮೇಲೆ. ಅವರಿಗೆ ಅಮೃತಾ ಎಂದರೆ ಅಜ್ಜ ತೆಗೆದ ಛಾಯಾಚಿತ್ರಗಳು, ಅವಳೇ ಬರೆದ ವರ್ಣಚಿತ್ರಗಳು, ಪತ್ರಗಳು ಮತ್ತು ಮನೆಯವರ ನೆನಪು. ಇಷ್ಟರಿಂದ ಕಾಣದ ಒಬ್ಬಳನ್ನು ಕಾಣುವುದು ಹೇಗೆ? ಅವರು ಅಜ್ಜನ ಛಾಯಾಚಿತ್ರಗಳನ್ನು ಗಣಕಯಂತ್ರಕ್ಕೆ ಓದಿಸಿದರು. ಬೇರೆಬೇರೆ ಕಾಲಗಳಲ್ಲಿ, ಸಿಮ್ಲಾ, ಪ್ಯಾರಿಸ್, ಬುಡಾಪೆಸ್ಟುಗಳಂಥ ಬೇರೆಬೇರೆ ಸ್ಥಳಗಳಲ್ಲಿ ತೆಗೆದ ಚಿತ್ರಗಳಿಂದ ವ್ಯಕ್ತಿಗಳನ್ನು ಬಿಡಿಸಿ, ಒಂದೇ ಕೋಣೆಯಲ್ಲಿ ತಂದು ನಿಲ್ಲಿಸಿದರು. ಕೆಲವೆಡೆ ಅಮೃತಾ ಬರೆದ ವರ್ಣಚಿತ್ರಗಳೇ ಆ ಜನರ ನಡುವೆ ಸೇರಿಕೊಂಡವು. ಬಣ್ಣವಿಲ್ಲ, ಎಲ್ಲವೂ ಹಳೆಯ ಚಿತ್ರಗಳಂತೆಯೇ ಕಪ್ಪುಬಿಳುಪು. ಆದುದರಿಂದ ಮೊದಲ ನೋಟಕ್ಕೆ ಅವು ಹಳೆಯ ಕುಟುಂಬಚಿತ್ರಗಳೆಂದೇ ತೋರುತ್ತವೆ. ಎರಡನೆಯ ನೋಟಕ್ಕೆ ಏನೋ ಹೊಂದುವುದಿಲ್ಲ ಎನಿಸುತ್ತದೆ. ಒಟ್ಟಿಗೆ ಇರಲಾರದ ವಯಸ್ಸುಗಳು ಒಟ್ಟಿಗಿವೆ. ಸರಣಿಯ ಒಂದು ಕೃತಿಯ ಹೆಸರಿನಲ್ಲಿಯೇ ಕನ್ನಡಿಗಳ ಸಾಲಿನ ಮಾತು ಬರುತ್ತದೆ. ಕನ್ನಡಿಯೆಂದರೆ ಎದುರಿಗೆ ನಿಂತವರನ್ನು ತೋರಿಸತಕ್ಕ ವಸ್ತು. ಈ ಚಿತ್ರಗಳ ಲೋಕದಲ್ಲಿ ಅದು ಎದುರಿಗಿಲ್ಲದವರನ್ನೂ ತೋರಿಸಬಲ್ಲದು.

ಈ ಜೋಡಣೆಯಿಂದ ಸಾಧಿಸಿದ್ದೇನು? ತಂದೆಯು ತೆಗೆದ ಒಂದೊಂದು ಚಿತ್ರದಲ್ಲಿಯೂ ಒಬ್ಬಳೇ ಅಮೃತಾ ಇದ್ದಳು: ಮುದ್ದಿನ ಮಗಳು, ಪ್ಯಾರಿಸಿನ ಯುವತಿ ಅಥವಾ ಸೀರೆಯುಟ್ಟ ಭಾರತೀಯ ನಾರಿ. ಮಗಳ ಚಿತ್ರ ತೆಗೆದ ತಂದೆಯಾದರೋ ಬಹುಪಾಲು ಚಿತ್ರಗಳಲ್ಲಿ ಕಾಣದೆ, ಯಂತ್ರದ ಹಿಂದೆ ಮರೆಯಾಗಿದ್ದರು. ವಿವಾನರು ಆ ಮರೆಯನ್ನು ಸರಿಸಿದರು. ನೋಡುತ್ತಿದ್ದ ತಂದೆಯನ್ನು, ನೋಡಿಸಿಕೊಳ್ಳುತ್ತಿದ್ದ ಮಗಳ ಪಕ್ಕಕ್ಕೇ ತಂದರು. ಚಿತ್ರಕ್ಕೆ ಕುಳಿತವಳನ್ನು ಅವಳೇ ಬರೆದ ಚಿತ್ರದ ಎದುರಿಗೆ ಇಟ್ಟರು. ಆಗ ನಮಗೆ ಅರಿವಾಗುವುದೇನೆಂದರೆ, ಸ್ತ್ರೀತ್ವವೆಂಬುದು ಒಂದೇ ಭಂಗಿಯಲ್ಲಿ ಹಿಡಿದಿಡಬಹುದಾದ ವಸ್ತುವಲ್ಲ. ಎರಡು ದೇಶ, ಎರಡು ಉಡುಪು, ತಂದೆಯ ಪ್ರೀತಿ, ತಾಯಿಯ ನಿರೀಕ್ಷೆ, ತನ್ನದೇ ಕಲೆಯ ಹಟ, ಇವೆಲ್ಲವುಗಳ ನಡುವೆ ಅವಳು ತನ್ನನ್ನು ತಾನು ಹುಡುಕಿಕೊಳ್ಳುತ್ತಿದ್ದಳು. ಆ ಹುಡುಕಾಟವೇ ಅವಳ ಅಂತರಂಗ. ಒಂಟಿ ಚಿತ್ರವು ಅದನ್ನು ಹೇಳಲಾರದು. ಚಿತ್ರಗಳ ನಡುವಣ ಸಂಬಂಧ ಹೇಳಬಲ್ಲದು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ತೀರಿಹೋದವಳ ಚಿತ್ರವನ್ನು ಬದಲಿಸಲು ಬದುಕಿರುವವರಿಗೆ ಏನು ಅಧಿಕಾರ? ತಂದೆಯು ತನ್ನ ಕಣ್ಣಿಗೆ ಒಪ್ಪಿದಂತೆ ಅಮೃತಾಳನ್ನು ನಿಲ್ಲಿಸಿದನೆನ್ನುವುದಾದರೆ, ತಂಗಿಯ ಮಗನು ಮಾಡಿದ್ದೂ ಅದನ್ನೇ ಅಲ್ಲವೆ? ಒಪ್ಪಿಗೆ ಕೇಳಲು ಅವಳಿಲ್ಲ, ಬೇಡವೆನ್ನಲೂ ಇಲ್ಲ. ಈ ಪ್ರಶ್ನೆಗೆ ಪೂರ್ಣವಾದ ಉತ್ತರ ಸುಲಭವಲ್ಲ. ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕಲಾವಿದರು ತಮ್ಮ ಕೈವಾಡವನ್ನು ಮುಚ್ಚಿಡಲಿಲ್ಲ. ‘ರೀ-ಟೇಕ್’ ಎಂದರೆ ಮತ್ತೊಮ್ಮೆ ತೆಗೆದದ್ದು. ಇದು ಮರುರಚನೆ ಎಂಬುದನ್ನು ಕೃತಿಯ ಹೆಸರೇ ಸಾರುತ್ತದೆ. ಎರಡನೆಯದು, ಅಮೃತಾಳ ಸ್ವಂತ ಮಾತಿಗೂ ಅವರು ಅಷ್ಟೇ ಶ್ರದ್ಧೆಯಿಂದ ದಾರಿ ಮಾಡಿಕೊಟ್ಟರು. ಅವಳ ಪತ್ರಗಳನ್ನೂ ಬರಹಗಳನ್ನೂ ಸಂಪಾದಿಸಿ 2010ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಚಿತ್ರದಲ್ಲಿ ತಾವು ಕಂಡ ಅಮೃತಾಳನ್ನೂ, ಪತ್ರಗಳಲ್ಲಿ ಅವಳೇ ಹೇಳಿಕೊಂಡ ಅಮೃತಾಳನ್ನೂ ಓದುಗನು ಹೋಲಿಸಿ ನೋಡಬಹುದು. 2023ರಲ್ಲಿ ವಿವಾನರು ತೀರಿಕೊಂಡರು. ಈಗ ಆ ಹೋಲಿಕೆಯ ಕೆಲಸ ನಮ್ಮ ಪಾಲಿನದು.

ಇನ್ನೊಬ್ಬರು ತನ್ನನ್ನು ಮರುರಚಿಸುವ ಬದಲು ಸ್ತ್ರೀಯು ತಾನೇ ಆ ಕೆಲಸಕ್ಕೆ ಇಳಿದರೆ ಹೇಗಿರುತ್ತದೆ? ಇದಕ್ಕೆ ಉತ್ತರವಾಗಿ ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರನ್ನು ಹೆಸರಿಸಬೇಕು. ಶಿಲ್ಪಿಯಾಗಿ ಶಿಕ್ಷಣ ಪಡೆದ ಅವರು ತೊಂಬತ್ತರ ದಶಕದಲ್ಲಿ ಛಾಯಾಚಿತ್ರದ ಕಡೆಗೆ ತಿರುಗಿ, ತಾವೇ ಕ್ಯಾಮೆರಾದ ಮುಂದೆ ವೇಷ ಧರಿಸಿ ನಿಂತರು. 2000ದಿಂದ 2004ರವರೆಗೆ, ಬೆಂಗಳೂರಿನಲ್ಲಿ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ‘ದಕ್ಷಿಣ ಭಾರತದ ದೇಶೀ ಸ್ತ್ರೀಯರು’ ಎಂಬ ಅರ್ಥದ ಹೆಸರುಳ್ಳ ಚಿತ್ರಮಾಲೆಯನ್ನು ರಚಿಸಿದರು. ಅದರಲ್ಲಿ ಅವರು ಒಮ್ಮೆ ರಾಜಾ ರವಿವರ್ಮನ ಲಕ್ಷ್ಮಿ. ಇನ್ನೊಮ್ಮೆ ಹಳೆಯ ಮಾನವಶಾಸ್ತ್ರದ ಚಿತ್ರದಲ್ಲಿ ಅಳತೆಗೆ ನಿಂತ ತೋಡ ಬುಡಕಟ್ಟಿನ ಹೆಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಪ್ರೆ ಎಂಬ ಆಂಗ್ಲನು, ರೇಷ್ಮೆದಾರಗಳಿಂದ ಎರಡೆರಡು ಅಂಗುಲದ ಚೌಕಗಳನ್ನು ಕಟ್ಟಿ, ಅದರ ಮುಂದೆ ಜನರನ್ನು ನಿಲ್ಲಿಸಿ ಚಿತ್ರ ತೆಗೆಯುವ ವಿಧಾನವನ್ನು ಬಳಕೆಗೆ ತಂದಿದ್ದನು. ದೇಹದ ಅಳತೆ ಅದರಲ್ಲಿ ಸಿಕ್ಕಿತು; ಮನಸ್ಸಿನ ಅಳತೆಗೆ ಅಲ್ಲಿ ಚೌಕವಿರಲಿಲ್ಲ. ಪುಷ್ಪಮಾಲಾ ಆ ಚೌಕಗಳ ಪರದೆಯ ಮುಂದೆ ತಾವೇ ನಿಂತಾಗ, ದೇವಿಯ ಪಟವಾಗಲಿ ಅಳತೆಯ ಪಟವಾಗಲಿ ಹೆಣ್ಣಿಗೆ ತೊಡಿಸಿದ ವೇಷವೇ ಎಂಬುದು ಸ್ಪಷ್ಟವಾಗುತ್ತದೆ. ಒಂದೇ ಮುಖವು ಇಷ್ಟೆಲ್ಲ ವೇಷಗಳಲ್ಲಿ ಕಾಣಿಸಿಕೊಂಡಾಗ, ಯಾವ ವೇಷದಲ್ಲಿಯೂ ಸೇರದೆ ಉಳಿಯುವ ‘ನಾನು’ ಯಾರು ಎಂಬ ಪ್ರಶ್ನೆ ನೋಡುವವರಲ್ಲಿ ತಾನಾಗಿ ಮೂಡುತ್ತದೆ.

ಇವರಿಬ್ಬರ ದಾರಿಗಳು ಬೇರೆ. ಒಬ್ಬರು ಪರದೆಯ ಮೇಲೆ ಚುಕ್ಕಿಗಳನ್ನು ಹೊಂದಿಸಿದರು. ಇನ್ನೊಬ್ಬರು ತಮ್ಮ ದೇಹವನ್ನೇ ಹಳೆಯ ಚಿತ್ರದೊಳಕ್ಕೆ ಒಯ್ದರು. ಆದರೆ ಇಬ್ಬರೂ ಕೈಗೆ ಬಂದ ಚಿತ್ರವನ್ನು ಬಂದಂತೆಯೇ ಒಪ್ಪಿಕೊಳ್ಳಲಿಲ್ಲ. ಇದನ್ನು ತೆಗೆದವರು ಯಾರು, ಯಾರಿಗಾಗಿ ತೆಗೆದರು, ಇದರಲ್ಲಿರುವವಳಿಗೆ ಹೇಳಲು ಏನಿತ್ತು ಎಂದು ಕೇಳಿದರು.

ಇಂದು ಚಿತ್ರವನ್ನು ತಿದ್ದುವ ಸಾಮರ್ಥ್ಯವು ಕಲಾವಿದರ ಸೊತ್ತಾಗಿ ಉಳಿದಿಲ್ಲ. ಕೈಯಲ್ಲಿರುವ ದೂರವಾಣಿಯೇ ಕ್ಯಾಮೆರಾ, ಅದೇ ಕತ್ತಲೆಕೋಣೆ, ಅದೇ ಕತ್ತರಿ. ಬೆರಳನ್ನು ಒಮ್ಮೆ ಸರಿಸಿದರೆ ಮೈಬಣ್ಣ ತಿಳಿಯಾಗುತ್ತದೆ, ಮೊಡವೆ ಮಾಯವಾಗುತ್ತದೆ, ಕಣ್ಣು ಅಗಲವಾಗುತ್ತದೆ. ಇದೂ ಛಾಯಾಚಿತ್ರದ ಮರುರಚನೆಯೇ. ಆದರೆ ಕಲೆಗೂ ಇದಕ್ಕೂ ಇರುವ ಭೇದವನ್ನು ಎಳೆಯರು ತಿಳಿಯಬೇಕು. ಅಮೃತಾಳ ಚಿತ್ರಮಾಲೆಯು ಒಂದು ಮುಖದ ಹಿಂದೆ ಅಡಗಿದ್ದ ಹಲವು ಮುಖಗಳನ್ನು ಹೊರತಂದಿತು. ದೂರವಾಣಿಯ ಸಿದ್ಧ ಸೊಬಗು ಇದಕ್ಕೆ ವಿರುದ್ಧವಾದುದು. ಅದು ಹಲವು ಮುಖಗಳನ್ನು ಒಂದೇ ಅಚ್ಚಿಗೆ ಎರೆಯುತ್ತದೆ. ಒಂದು ತರಗತಿಯ ನಲವತ್ತು ಹುಡುಗಿಯರೂ ಅದೇ ಕೆನ್ನೆ, ಅದೇ ತುಟಿ, ಅದೇ ಬಣ್ಣ ಪಡೆದರೆ, ನಲವತ್ತು ಮಂದಿಯಲ್ಲಿ ಒಬ್ಬಳಾದರೂ ತಾನಾಗಿ ಉಳಿದಳೆ? ಅಲಂಕಾರ ತಪ್ಪಲ್ಲ, ನಮ್ಮ ಅಜ್ಜಿಯಂದಿರೂ ಚಿತ್ರ ತೆಗೆಸುವ ದಿನ ಮಡಿಸಿಟ್ಟ ರೇಷ್ಮೆಸೀರೆಯನ್ನೇ ಹುಡುಕಿ ಉಟ್ಟರು. ಆದರೆ ಉಟ್ಟ ಸೀರೆಯೊಳಗೆ ಅವರ ಮುಖ ಅವರದೇ ಆಗಿತ್ತು. ತಿದ್ದಿದ ಮುಖವನ್ನೇ ನಿಜವೆಂದು ನಂಬಿ, ಕನ್ನಡಿಯಲ್ಲಿ ಕಾಣುವ ಮುಖವನ್ನು ಹಗೆಯಂತೆ ಕಾಣತೊಡಗಿದಾಗ ಅಲಂಕಾರವು ರೋಗವಾಗುತ್ತದೆ.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಹುಡುಗಿಯೊಬ್ಬಳ ಮುಖವನ್ನು ಅವಳಿಗೆ ತಿಳಿಯದಂತೆ ತೆಗೆದು, ಬೇರೊಂದು ದೇಹಕ್ಕೆ ಅಂಟಿಸಿ, ಊರಿಗೆಲ್ಲ ಹಂಚುವ ದುಷ್ಟತನವು ಹೊಸ ಸಾಧನಗಳೊಡನೆ ಬೆಳೆದಿದೆ. ರೈಲಾಂಡರನು ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ದುಡಿದು ಮಾಡಿದಂಥ ಜೋಡಣೆಯನ್ನು ಇಂದು ಯಂತ್ರವು ಗಳಿಗೆಯಲ್ಲಿ ಮಾಡಿಕೊಡುತ್ತದೆ. ಇದು ವಿನೋದವಲ್ಲ, ಅಪರಾಧ. ಅಶ್ಲೀಲ ಚಿತ್ರಗಳನ್ನು ಹೀಗೆ ಹರಡುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ದಂಡನೀಯವೆಂದು ಸಾರಿದೆ. ಇಂಥ ಅನ್ಯಾಯಕ್ಕೆ ಗುರಿಯಾದ ಹುಡುಗಿಯು ತಲೆತಗ್ಗಿಸಬೇಕಾದ ಕಾರಣವಿಲ್ಲ. ತಲೆತಗ್ಗಿಸಬೇಕಾದವನು ಅದನ್ನು ಮಾಡಿದವನು, ಮತ್ತು ತನ್ನ ಕೈಗೆ ಬಂದುದನ್ನು ಮುಂದಕ್ಕೆ ಕಳಿಸಿದವನು. ಅವಳು ಕೂಡಲೇ ತಂದೆತಾಯಿಯರಿಗೋ ಉಪಾಧ್ಯಾಯರಿಗೋ ತಿಳಿಸಬೇಕು. ಕೇಳಿದ ಹಿರಿಯರು ಅವಳನ್ನು ಗದರದೆ ಅವಳ ಪರವಾಗಿ ನಿಲ್ಲಬೇಕು.

ಹಾಗಾದರೆ ಒಬ್ಬರ ಚಿತ್ರವನ್ನು ಮರುರಚಿಸುವವನು ಯಾವ ನಿಯಮವನ್ನು ಪಾಲಿಸಬೇಕು? ಮೇಲಿನ ನಿದರ್ಶನಗಳಿಂದ ಮೂರು ಮಾತುಗಳನ್ನು ಆಯ್ದುಕೊಳ್ಳಬಹುದು. ಬದುಕಿರುವವರ ಚಿತ್ರವಾದರೆ ಅವರ ಒಪ್ಪಿಗೆ ಬೇಕು. ತಿದ್ದಿದ್ದನ್ನು ತಿದ್ದಿದ್ದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ತಿದ್ದುವಿಕೆಯು ಆ ವ್ಯಕ್ತಿಯನ್ನು ಕುಗ್ಗಿಸುವ ಬದಲು, ಇನ್ನಷ್ಟು ಅರಿಯುವ ಕಡೆಗೆ ನಮ್ಮನ್ನು ಒಯ್ಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಲೆಯ ಹೆಸರು ಅದಕ್ಕೆ ಸಲ್ಲದು.

ಕೊನೆಯದಾಗಿ, ಈ ಕಲೆಯನ್ನು ಅರಿಯಲು ದೊಡ್ಡ ಪ್ರದರ್ಶನಶಾಲೆಗೇ ಹೋಗಬೇಕೆಂದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಗೋಡೆಯ ಚೌಕಟ್ಟಿನಲ್ಲೋ ಹಳೆಯ ಛಾಯಾಚಿತ್ರವೊಂದು ಇರುತ್ತದೆ. ಗಂಡಸರು ಕುರ್ಚಿಯಲ್ಲಿ ಕುಳಿತಿದ್ದಾರೆ, ಹೆಂಗಸರು ಹಿಂದೆ ನಿಂತಿದ್ದಾರೆ. ಇಲ್ಲವೇ ಹೊಸ ಮದುಮಗಳು ಕಣ್ಣು ಪಿಳುಕಿಸದೆ ಎದುರಿಗೆ ದಿಟ್ಟಿಸುತ್ತಿದ್ದಾಳೆ. ಆ ಮದುಮಗಳು ಇಂದು ಅಜ್ಜಿಯಾಗಿ ಮನೆಯಲ್ಲಿಯೇ ಇರಬಹುದು. ಆ ದಿನ ಚಿತ್ರ ತೆಗೆದವರು ಯಾರು, ಹಾಗೆ ನಿಲ್ಲಲು ಹೇಳಿದವರು ಯಾರು, ಆ ಹೊತ್ತು ಅವಳ ಮನಸ್ಸಿನಲ್ಲಿ ಇದ್ದುದೇನು ಎಂದು ಅವಳನ್ನು ಕೇಳಿ ನೋಡಿರಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆದು ಚಿತ್ರದ ಜೊತೆಗೆ ಇಡಿರಿ. ಯಾವ ಯಂತ್ರದ ಸಹಾಯವೂ ಇಲ್ಲದೆ ಆ ಚಿತ್ರಕ್ಕೆ ಇನ್ನೊಂದು ಪದರ ಸೇರುತ್ತದೆ. ಅದು ಅವಳೇ ಕೊಟ್ಟ ಪದರವಾಗಿರುತ್ತದೆ.

*

ಅಭ್ಯಾಸ

ಅ. ಪದಗಳ ಅರ್ಥ
ಅಂತರಂಗ – ಒಳಮನಸ್ಸು. ಆಕ್ಷೇಪ – ವಿರೋಧದ ಮಾತು. ಛಾಯೆ – ನೆರಳು, ಬಣ್ಣದ ಭೇದ. ನಿದರ್ಶನ – ಉದಾಹರಣೆ. ಭಂಗಿ – ನಿಲುವಿನ ರೀತಿ. ಮಸೂರ – ಬೆಳಕನ್ನು ಬಾಗಿಸುವ ಗಾಜು. ಮತಾಧಿಕಾರ – ಮತ ನೀಡುವ ಹಕ್ಕು.

ಆ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಲಾಲಾ ದೀನ್ ದಯಾಳರು ಸ್ತ್ರೀಯರಿಗಾಗಿ ಸ್ಟುಡಿಯೊವನ್ನು ಎಲ್ಲಿ ತೆರೆದರು?
2. ರಸೆಲ್ ಕಿರ್ಷ್ ಯಂತ್ರಕ್ಕೆ ಓದಿಸಿದ ಚಿತ್ರದಲ್ಲಿ ಎಷ್ಟು ಚುಕ್ಕಿಗಳಿದ್ದವು?
3. ವಿವಾನ್ ಸುಂದರಂ ಅವರಿಗೆ ಅಮೃತಾ ಏನಾಗಬೇಕು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕನ್ನಡಿಗೂ ಛಾಯಾಚಿತ್ರಕ್ಕೂ ಇರುವ ಅಂತರವೇನು?
2. ಗಣಕಯಂತ್ರದ ಚಿತ್ರವನ್ನು ಲೇಖಕರು ಚುಕ್ಕಿ ರಂಗೋಲಿಗೆ ಹೋಲಿಸಿರುವುದೇಕೆ?
3. ಪುಷ್ಪಮಾಲಾ ಅವರು ಚೌಕಗಳ ಪರದೆಯ ಮುಂದೆ ನಿಂತುದರ ಅರ್ಥವೇನು?

ಈ. ಚರ್ಚಿಸಿರಿ.
ತೀರಿಹೋದವರ ಚಿತ್ರವನ್ನು ಮರುರಚಿಸುವುದು ಸರಿಯೆ? ಪಾಠದಲ್ಲಿ ಬಂದಿರುವ ಆಕ್ಷೇಪವನ್ನೂ ಸಮಾಧಾನವನ್ನೂ ತೂಗಿ ನೋಡಿ ನಿಮ್ಮ ಅಭಿಪ್ರಾಯವನ್ನು ಬರೆಯಿರಿ.